ಸ್ಕ್ಯಾನಿಂಗ್ ಕೋರ್ಸ್‌ಗೆ ದುಡ್ಡು ಕಟ್ಟುವ ಮುನ್ನ

ಇಂಟರ್ ಫಲಿತಾಂಶ ಬಂದದ್ದೇ ತಡ, ಆದೋನಿ, ಎಮ್ಮಿಗನೂರು, ಮಂತ್ರಾಲಯದ ಕಡೆ ಪ್ಯಾರಾಮೆಡಿಕಲ್ ಕೋರ್ಸುಗಳ ಕರಪತ್ರ ಹಂಚುವುದು ಶುರುವಾಗುತ್ತದೆ. ಅದರಲ್ಲಿ ‘ಅಲ್ಟ್ರಾಸೌಂಡ್ ಟೆಕ್ನಿಷಿಯನ್, ಆರು ತಿಂಗಳು, ಕೆಲಸ ಗ್ಯಾರಂಟಿ’ ಎಂಬಂಥ ಸಾಲು ಕಂಡರೆ ದಯವಿಟ್ಟು ದುಡ್ಡು ಕಟ್ಟಬೇಡಿ. ಇಂಥ ಕೋರ್ಸ್ ಮುಗಿಸಿ, ಹೊಳೆಯುವ ಸರ್ಟಿಫಿಕೇಟ್ ಹಿಡಿದುಕೊಂಡು ಕೆಲಸ ಕೇಳಲು ಬರುವ ಹುಡುಗ ಹುಡುಗಿಯರನ್ನು ಬರಿಗೈಯಲ್ಲಿ ವಾಪಸ್ ಕಳಿಸಬೇಕಾಗುತ್ತದೆ. ಬುದ್ಧಿಯಲ್ಲಾಗಲಿ ದುಡಿಮೆಯಲ್ಲಾಗಲಿ ಆ ಮಕ್ಕಳಿಗೆ ಕೊರತೆಯಿಲ್ಲ. ಸರಿಯಾದ ದಾರಿ ಯಾವುದೆಂದು ಯಾರೂ ಹೇಳಿಲ್ಲ, ಅಷ್ಟೇ.

ನಮ್ಮಲ್ಲಿ ಅಲ್ಟ್ರಾಸೌಂಡ್ ಒಂದನ್ನೇ ಕಲಿತು ಟೆಕ್ನಿಷಿಯನ್ ಆಗುವ ಪದ್ಧತಿ ಇಲ್ಲ. ಎಕ್ಸ್‌ರೇ, ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್ ಎಲ್ಲವನ್ನೂ ಸೇರಿಸಿ ಮೆಡಿಕಲ್ ಇಮೇಜಿಂಗ್ ಎಂದು ಕಲಿಸುತ್ತಾರೆ. ಸರ್ಕಾರಿ ನೇಮಕಾತಿ ಪ್ರಕಟಣೆಯಲ್ಲೂ ನೀವು ಹುಡುಕಬೇಕಾದ ಹುದ್ದೆ ‘ರೇಡಿಯೋಗ್ರಾಫರ್’. ಇಷ್ಟು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲ ಹೆಜ್ಜೆ: ಇಂಟರ್

ಬೈಪಿಸಿ ತೆಗೆದುಕೊಳ್ಳಿ. ಆಂಧ್ರದ ಡಿಪ್ಲೊಮಾ ಪ್ರವೇಶದಲ್ಲಿ ಮೊದಲ ಆದ್ಯತೆ ಅದಕ್ಕೇ. ಎಂಪಿಸಿಯವರಿಗೆ ಆಮೇಲೆ ಅವಕಾಶ. ಭೌತಶಾಸ್ತ್ರ ಬಿಟ್ಟು ಬೇರೆ ಗುಂಪು ಹಿಡಿದರೆ ಮುಂದೆ ಬಾಗಿಲುಗಳು ಮುಚ್ಚುತ್ತಾ ಹೋಗುತ್ತವೆ. ರೈಲ್ವೆಯ ರೇಡಿಯೋಗ್ರಾಫರ್ ಹುದ್ದೆಗೆ ಹನ್ನೆರಡನೆಯ ತರಗತಿಯಲ್ಲಿ ಭೌತ ಮತ್ತು ರಸಾಯನಶಾಸ್ತ್ರ ಕೇಳುತ್ತಾರೆ. ಗುಂತಕಲ್ ವಿಭಾಗ ನಮ್ಮ ಮಗ್ಗುಲಲ್ಲೇ ಇರುವಾಗ ಆ ಅವಕಾಶವನ್ನು ಕೈಯಾರೆ ಕಳೆದುಕೊಳ್ಳಬಾರದು.

ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಗಡಿಭಾಗದ ಮಕ್ಕಳಿಗೆ ಇಂಟರ್‌ನಲ್ಲಿ ಒಮ್ಮೆಲೇ ಇಂಗ್ಲಿಷ್ ಎದುರಾಗುತ್ತದೆ. ಅದಕ್ಕೆ ಹೆದರಿ ವಿಜ್ಞಾನ ಬಿಡುವವರು ಬಹಳ. ಹೆದರಬೇಡಿ. ಇಮೇಜಿಂಗ್ ಓದಿಗೆ ಬೇಕಾಗುವುದು ಕಾದಂಬರಿ ಓದುವ ಇಂಗ್ಲಿಷ್ ಅಲ್ಲ, ಫ್ರೀಕ್ವೆನ್ಸಿ, ರಿಫ್ಲೆಕ್ಷನ್, ಡೆಪ್ತ್, ಗೇನ್ ಥರದ ಪದಗಳು. ಅರ್ಥ ಮಾಡಿಕೊಂಡು ಕಲಿತರೆ ಒಂದು ವರ್ಷದಲ್ಲಿ ಕೈವಶವಾಗುತ್ತವೆ.

ಎರಡನೆಯ ಹೆಜ್ಜೆ: ಡಿಪ್ಲೊಮಾನೋ ಪದವಿಯೋ

ಆಂಧ್ರದಲ್ಲಿ ಪ್ಯಾರಾಮೆಡಿಕಲ್ ಬೋರ್ಡ್ ನಡೆಸುವ ಡಿಎಂಐಟಿ ಎಂಬ ಇಮೇಜಿಂಗ್ ಕೋರ್ಸ್ ಇಂಟರ್ ನಂತರದ 2 ವರ್ಷದ ಡಿಪ್ಲೊಮಾ. ಪದವಿ ಬೇಕೆಂದರೆ ವಿಜಯವಾಡದ ಡಾ. ಎನ್‌ಟಿಆರ್ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿವೆ. ಗಡಿ ದಾಟಿ ರಾಯಚೂರು, ಬಳ್ಳಾರಿ ಕಡೆ ಓದಿದರೆ ಡಿಪ್ಲೊಮಾ ಕರ್ನಾಟಕ ಪ್ಯಾರಾಮೆಡಿಕಲ್ ಬೋರ್ಡಿನದು, ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಸೇರುವವರಿಗೆ ಡಿಪ್ಲೊಮಾ 3 ವರ್ಷ, ಪಿಯು ವಿಜ್ಞಾನ ಓದಿದವರಿಗೆ 2 ವರ್ಷ. ಬಿ.ಎಸ್ಸಿ. ಇಮೇಜಿಂಗ್ ಮೂರು ವರ್ಷದ ಓದು, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್.

ಮನೆಯ ಸ್ಥಿತಿ ತಡೆದುಕೊಳ್ಳುವಂತಿದ್ದರೆ ಪದವಿಗೇ ಹೋಗಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾವುದನ್ನು ಆರಿಸಿದರೂ ಒಂದು ಕಾನೂನು ನೆನಪಿರಲಿ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಹೆಲ್ತ್ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಅದರ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರರು ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ ಓದು ಬೇಕು, ಅದೂ ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿರಬೇಕು. ಆರು ತಿಂಗಳ ಸರ್ಟಿಫಿಕೇಟ್ ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಮನೆಯಲ್ಲೇ ಕುಳಿತು ದೂರಶಿಕ್ಷಣದಲ್ಲಿ ಮುಗಿಸಬಹುದು ಎನ್ನುವವರ ಮಾತನ್ನೂ ಕೇಳಬೇಡಿ. ಈ ಕಾಯ್ದೆಯ ವ್ಯಾಪ್ತಿಗೆ ಬರುವ ಕೋರ್ಸುಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ನಡೆಸದಂತೆ ಯುಜಿಸಿ 2025ರಲ್ಲಿ ತಡೆದಿದೆ.

ಮೂರನೆಯ ಹೆಜ್ಜೆ: ಸ್ಥಳೀಯ ಕೋಟಾ, ಜಾತಿ ಪ್ರಮಾಣಪತ್ರ

ಗಡಿಯವರು ಏಟು ತಿನ್ನುವುದು ಇಲ್ಲಿ. ಆಂಧ್ರದಲ್ಲಿ ಹೆಚ್ಚಿನ ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ. ಸ್ಥಳೀಯರು ಯಾರು ಎನ್ನುವುದನ್ನು ಮುಖ್ಯವಾಗಿ ಕೊನೆಯ ನಾಲ್ಕು ವರ್ಷ ಸತತವಾಗಿ ಎಲ್ಲಿ ಓದಿದಿರಿ ಎಂದು ನೋಡಿ ತೀರ್ಮಾನಿಸುತ್ತಾರೆ. ಕೋಸಿಗಿಯಲ್ಲಿ ಹತ್ತನೆಯ ತರಗತಿ ಮುಗಿಸಿ, ಪಿಯುಗೆ ರಾಯಚೂರಿಗೆ ಹೋಗಿ, ಮತ್ತೆ ಕರ್ನೂಲಿನಲ್ಲಿ ಸೀಟು ಕೇಳಿದರೆ ತೊಡಕು ಖಚಿತ. ಪಿಯುವನ್ನು ಯಾವ ಕಡೆ ಓದುತ್ತೀರೋ, ಮುಂದಿನ ಓದೂ ಆ ಕಡೆಯೇ ಎಂದು ಮೊದಲೇ ನಿರ್ಧರಿಸಿಕೊಳ್ಳಿ.

ಮೀಸಲಾತಿಯದು ಇನ್ನೊಂದು ಕಗ್ಗಂಟು. ನಮ್ಮ ಭಾಗದ ಬೋಯ, ವಾಲ್ಮೀಕಿ ಮಕ್ಕಳು ಆಂಧ್ರದಲ್ಲಿ ಬಿಸಿ-ಎ. ಗಡಿಯಾಚೆಯ ಅದೇ ಸಮುದಾಯದವರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ. ಬಂಧುಗಳು ಆಚೆ ಎಸ್‌ಟಿ ಇದ್ದಾರೆಂದು ನಿಮ್ಮ ಮಗಳಿಗೆ ಅಲ್ಲಿ ಎಸ್‌ಟಿ ಸೀಟು ಸಿಗುವುದಿಲ್ಲ. ಒಂದು ರಾಜ್ಯದ ಪ್ರಮಾಣಪತ್ರಕ್ಕೆ ಇನ್ನೊಂದು ರಾಜ್ಯದ ಸೀಟು ಹಂಚಿಕೆಯಲ್ಲಿ ಬೆಲೆಯಿಲ್ಲ. ಯಾರಾದರೂ ‘ಅಲ್ಲೊಂದು ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ’ ಎಂದರೆ ಅವರನ್ನು ಮನೆಯೊಳಕ್ಕೇ ಬಿಟ್ಟುಕೊಳ್ಳಬೇಡಿ. ಸುಳ್ಳು ಪ್ರಮಾಣಪತ್ರ ಕೆಲಸಕ್ಕೆ ಸೇರಿದ ಮೇಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಓದು, ಕೆಲಸ ಎರಡೂ ಹೋದಂತೆ.

ಪ್ರೋಬ್ ಹಿಡಿಯುವ ಹಕ್ಕು ಯಾರದು

ಪ್ರೋಬ್ ಎಂದರೆ ಸ್ಕ್ಯಾನ್ ಮಾಡುವಾಗ ರೋಗಿಯ ಮೈಮೇಲೆ ಆಡಿಸುವ ಉಪಕರಣ. ಈ ಲೇಖನ ಬರೆದದ್ದೇ ಈ ಭಾಗಕ್ಕಾಗಿ. ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ.

ಅಮೆರಿಕದಲ್ಲಿ ಸೋನೋಗ್ರಾಫರ್ ತಾವೇ ಸ್ಕ್ಯಾನ್ ಮಾಡುತ್ತಾರೆ, ವೈದ್ಯರು ಆಮೇಲೆ ಚಿತ್ರ ನೋಡಿ ವರದಿ ಕೊಡುತ್ತಾರೆ. ಅಲ್ಲಿನ ವಿಡಿಯೋ ನೋಡಿ ಇಲ್ಲೂ ಹಾಗೇ ಎಂದುಕೊಂಡವರು ಬಹಳ. ಇಲ್ಲಿ ಹಾಗಿಲ್ಲ. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದು, 1996ರ ಜನವರಿ 1ರಿಂದ ಜಾರಿಯಾಗಿ, 2003ರಲ್ಲಿ ಇನ್ನಷ್ಟು ಬಿಗಿಯಾದ ಪಿಸಿಪಿಎನ್‌ಡಿಟಿ ಕಾಯ್ದೆ ನಮ್ಮಲ್ಲಿದೆ. ಅದರ ಪ್ರಕಾರ ಗರ್ಭಿಣಿಯ ಸ್ಕ್ಯಾನ್ ಮಾಡಬೇಕಾದವರು ಅರ್ಹ ವೈದ್ಯರು: ರೇಡಿಯಾಲಜಿಸ್ಟ್, ಸ್ತ್ರೀರೋಗ ತಜ್ಞರು ಅಥವಾ ನಿಗದಿತ ತರಬೇತಿ ಪಡೆದ ಎಂಬಿಬಿಎಸ್ ವೈದ್ಯರು. ಸ್ಕ್ಯಾನಿಂಗ್ ಕೇಂದ್ರ ನೋಂದಣಿ ಆಗಿರಬೇಕು, ಯಂತ್ರವೂ ಆ ನೋಂದಣಿಯಲ್ಲಿ ಇರಬೇಕು. ನೋಂದಣಿ ಇಲ್ಲದವರಿಗೆ ಯಂತ್ರ ಮಾರುವುದೇ ಅಪರಾಧ.

ಆ ‘ನಿಗದಿತ ತರಬೇತಿ’ ಎಷ್ಟು ದಿನದ್ದು ಗೊತ್ತೇ? ಆರು ತಿಂಗಳು. 2014ರ ನಿಯಮಗಳಲ್ಲಿ ಎಂಬಿಬಿಎಸ್ ವೈದ್ಯರಿಗಾಗಿ ರೂಪಿಸಿದ್ದು ಅದು. ಮೊದಲ ಅಪಾಯ ಇಲ್ಲೇ ಇದೆ. ‘ಆರು ತಿಂಗಳ ಅಲ್ಟ್ರಾಸೌಂಡ್ ಟ್ರೇನಿಂಗ್’ ಎಂಬ ಹೆಸರನ್ನಷ್ಟೇ ಎತ್ತಿಕೊಂಡು ಇಂಟರ್ ಪಾಸಾದ ಮಕ್ಕಳಿಗೆ ಮಾರುವ ಸಂಸ್ಥೆಗಳಿವೆ. ‘ಸರ್ಕಾರವೇ ಆರು ತಿಂಗಳು ಅಂತ ಹೇಳಿದೆ ನೋಡಿ’ ಎಂದು ಗೆಜೆಟ್ ಪ್ರತಿಯನ್ನೂ ತೋರಿಸಬಹುದು. ಅದರಲ್ಲಿ ಎಂಬಿಬಿಎಸ್ ಎಂಬ ಪದ ಎಲ್ಲಿದೆ ಎಂದು ಬೆರಳಿಟ್ಟು ಕೇಳಿ. ಆ ತರಬೇತಿ ಅದಾಗಲೇ ವೈದ್ಯರಾದವರಿಗೆ. ಬೇರೆ ಯಾರೇ ಅದನ್ನು ಮುಗಿಸಿದರೂ ಪ್ರೋಬ್ ಹಿಡಿಯುವ ಅಧಿಕಾರ ಬರುವುದಿಲ್ಲ.

ಎರಡನೆಯ ಅಪಾಯ ಕೆಲಸಕ್ಕೆ ಸೇರಿದ ಮೇಲೆ. ವೈದ್ಯರು ಇನ್ನೊಂದು ಆಸ್ಪತ್ರೆಗೆ ಹೋಗಿದ್ದಾರೆ, ಹೊರಗೆ ಸಾಲು ಬೆಳೆದಿದೆ. ‘ನೀನೇ ನೋಡಿಬಿಡಪ್ಪ, ಬಂದು ಸಹಿ ಹಾಕ್ತೀನಿ’ ಎಂದು ಫೋನು ಬರುತ್ತದೆ. ಹೊಸ ಹುಡುಗರಿಗೆ ಇದು ತಮ್ಮ ಕೈಚಳಕಕ್ಕೆ ಸಿಕ್ಕ ಮರ್ಯಾದೆ ಎನಿಸುತ್ತದೆ. ಇದು ಮರ್ಯಾದೆಯಲ್ಲ, ಉರುಳು. ಕಾಯ್ದೆಯ 23ನೆಯ ಸೆಕ್ಷನ್ ವೈದ್ಯರನ್ನಷ್ಟೇ ಅಲ್ಲ, ಕೇಂದ್ರದ ಮಾಲೀಕರನ್ನೂ ಅಲ್ಲಿ ತಾಂತ್ರಿಕ ಸೇವೆ ಕೊಡುವ ನೌಕರರನ್ನೂ ಹಿಡಿಯುತ್ತದೆ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 5 ವರ್ಷ, 50,000 ರೂಪಾಯಿ. ಅಪರಾಧ ಜಾಮೀನುರಹಿತ, ರಾಜಿಗೂ ಅವಕಾಶವಿಲ್ಲ. ‘ಡಾಕ್ಟರ್ ಹೇಳಿದರು, ಮಾಡಿದೆ’ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ.

ಮೂರನೆಯದು ಕಾರಿಡಾರಿನಲ್ಲಿ ನಡೆಯುತ್ತದೆ. ಸ್ಕ್ಯಾನ್ ಮುಗಿದು ಅತ್ತೆಯೋ ಗಂಡನೋ ಟೆಕ್ನಿಷಿಯನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. ‘ಏನೂ ಹೇಳಬೇಡಿ, ನಕ್ಕರೆ ಸಾಕು’ ಎನ್ನುತ್ತಾರೆ. ಭ್ರೂಣದ ಲಿಂಗವನ್ನು ಮಾತು, ಸನ್ನೆ ಅಥವಾ ಬೇರೆ ಯಾವುದೇ ರೀತಿಯಲ್ಲಿ ತಿಳಿಸುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ನಗುವೂ ಸನ್ನೆಯೇ. ಇಂಥ ಸಂದರ್ಭಕ್ಕೆ ಒಂದೇ ಉತ್ತರ ಇಟ್ಟುಕೊಳ್ಳಿ: ‘ನನಗೆ ಅದು ಗೊತ್ತಾಗಲ್ಲಮ್ಮ, ಡಾಕ್ಟರೂ ಹೇಳಲ್ಲ, ಬೋರ್ಡ್ ನೋಡಿ.’ ಲಿಂಗಪತ್ತೆ ನಿಷೇಧದ ಬೋರ್ಡನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಎಲ್ಲರಿಗೂ ಕಾಣುವಂತೆ ಹಾಕುವುದು ಕಡ್ಡಾಯ. ಆ ಬೋರ್ಡ್ ಇಲ್ಲದ ಕೇಂದ್ರದಲ್ಲಿ ಕೆಲಸಕ್ಕೇ ಸೇರಬೇಡಿ.

ಹಾಗಾದರೆ ಸ್ಕ್ಯಾನ್ ಕೊಠಡಿಯಲ್ಲಿ ನಿಮ್ಮ ಕೆಲಸ ಏನು? ಕಡಿಮೆಯೇನಿಲ್ಲ. ಗರ್ಭಿಣಿಯ ಸ್ಕ್ಯಾನ್‌ಗೆ ಕಾಯ್ದೆ ಕೇಳುವ ಫಾರಂ ಎಫ್ ತುಂಬುವುದನ್ನೇ ನೋಡಿ. ಗರ್ಭಿಣಿಯ ಪೂರ್ತಿ ವಿಳಾಸ, ಈಗಿರುವ ಮಕ್ಕಳೆಷ್ಟು, ಕಳಿಸಿದ ವೈದ್ಯರು ಯಾರು, ಸ್ಕ್ಯಾನ್ ಏಕೆ, ಕೊನೆಗೆ ಆಕೆಯ ಸಹಿ ಅಥವಾ ಹೆಬ್ಬೆಟ್ಟು. ಒಂದು ಖಾನೆ ಖಾಲಿ ಬಿಟ್ಟರೂ ಕಾಯ್ದೆ ಅದನ್ನು ಉಲ್ಲಂಘನೆ ಎಂದೇ ಎಣಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ಸ್ಕ್ಯಾನ್ ಮಾಡಿದವರ ಮೇಲೆ. ದಾಖಲೆಗಳನ್ನು ಎರಡು ವರ್ಷ ಕಾಯ್ದಿಡಬೇಕು, ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಬೇಕು. ಫಾರಂ ಎಫ್ ಅಚ್ಚುಕಟ್ಟಾಗಿ ನೋಡಿಕೊಳ್ಳುವ ಟೆಕ್ನಿಷಿಯನ್ನನ್ನು ಯಾವ ರೇಡಿಯಾಲಜಿಸ್ಟೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಪ್ರೋಬ್ ಹಿಡಿಯಲೇಬೇಕು ಎಂಬ ಆಸೆ ಇದ್ದವರಿಗೆ ಹೃದಯದ ಎಕೋ ಒಳ್ಳೆಯ ದಾರಿ. ಅದೂ ಅಲ್ಟ್ರಾಸೌಂಡೇ. ಅನೇಕ ಆಸ್ಪತ್ರೆಗಳಲ್ಲಿ ಕಾರ್ಡಿಯಾಲಜಿಸ್ಟ್ ಉಸ್ತುವಾರಿಯಲ್ಲಿ ಎಕೋ ಟೆಕ್ನಿಷಿಯನ್ನರು ಚಿತ್ರ ತೆಗೆಯುತ್ತಾರೆ. ಅದಕ್ಕೆ ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಓದಬೇಕು.

ನಾಲ್ಕನೆಯ ಹೆಜ್ಜೆ: ಕಾಲೇಜನ್ನು ಕಣ್ಣಾರೆ ನೋಡಿ

ಕಟ್ಟಡ ನೋಡಬೇಡಿ, ರೋಗಿಗಳ ಸಾಲು ನೋಡಿ. ಸ್ವಂತ ಆಸ್ಪತ್ರೆ ಇಲ್ಲದ, ಯಾವುದೋ ಸ್ಕ್ಯಾನಿಂಗ್ ಸೆಂಟರಿಗೆ ಮಕ್ಕಳನ್ನು ಕಳಿಸುವ ಕಾಲೇಜಿನಲ್ಲಿ ಮೂಲೆಯಲ್ಲಿ ನಿಂತು ನೋಡುವುದೇ ಕಲಿಕೆಯಾಗುತ್ತದೆ. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹೊರಗೆ ಟೀ ಅಂಗಡಿಯಲ್ಲಿ ಮಾತಾಡಿಸಿ. ಹೊಟ್ಟೆಯ ಸ್ಕ್ಯಾನ್‌ಗೆ ಯಾವ ಪ್ರೋಬ್ ಎಂದು ಕೇಳಿ. 2ರಿಂದ 5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್ ಆಳಕ್ಕೆ ಇಳಿಯುತ್ತದೆ. ಥೈರಾಯ್ಡ್, ರಕ್ತನಾಳಗಳಿಗೆ 7 ಮೆಗಾಹರ್ಟ್ಸ್‌ಗಿಂತ ಮೇಲಿನ ನೇರ ಪ್ರೋಬ್ ಬೇಕು, ಚಿತ್ರ ನಿಚ್ಚಳ, ಆಳ ಕಡಿಮೆ. ಇದನ್ನು ಥಟ್ಟನೆ ಹೇಳದ ವಿದ್ಯಾರ್ಥಿ ಯಂತ್ರದ ಹತ್ತಿರ ನಿಂತಿಲ್ಲ ಎಂದೇ ಲೆಕ್ಕ.

ಸೇರಿದ ಮೇಲೆ ಕೈಯಿಂದ ಕಲಿಯುವುದು ಬಹಳ ಇರುತ್ತದೆ. ಜೆಲ್ ಹಚ್ಚುವುದು ಚರ್ಮ ಮತ್ತು ಪ್ರೋಬ್ ನಡುವೆ ಗಾಳಿ ಉಳಿಯಬಾರದೆಂದು. ಗಾಳಿ ಇದ್ದರೆ ಶಬ್ದದ ಅಲೆ ಒಳಕ್ಕೇ ಹೋಗುವುದಿಲ್ಲ. ಪಿತ್ತಕೋಶ ನೋಡಬೇಕಾದರೆ ರೋಗಿ ಖಾಲಿ ಹೊಟ್ಟೆಯಲ್ಲಿ ಬರಬೇಕು, ಕಿಬ್ಬೊಟ್ಟೆಗೆ ಮೂತ್ರಕೋಶ ತುಂಬಿರಬೇಕು. ಪ್ರೋಬ್‌ನ ತುದಿಯಲ್ಲಿರುವ ಹರಳುಗಳು ಒಮ್ಮೆ ನೆಲಕ್ಕೆ ಬಿದ್ದರೂ ಕೆಡಬಹುದು, ಕೇಬಲ್ ಮೇಲೆ ಟ್ರಾಲಿಯ ಚಕ್ರ ಹತ್ತಿದರೂ ಅಷ್ಟೇ. ಒರೆಸಲು ಕೈಗೆ ಸಿಕ್ಕ ಸ್ಪಿರಿಟ್ ಬಳಸದೆ ಕಂಪನಿಯ ಕೈಪಿಡಿ ಹೇಳಿದ್ದನ್ನಷ್ಟೇ ಬಳಸಿ.

ನಮ್ಮ ಭಾಗದ ಮಕ್ಕಳಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ. ಸ್ಕ್ಯಾನ್ ನಡೆಯುವಾಗ ರೋಗಿ ಸರಿಯಾದ ಕ್ಷಣದಲ್ಲಿ ಉಸಿರು ಹಿಡಿಯಬೇಕು. ‘ಉಸಿರು ಬಿಗಿ ಹಿಡೀರಿ’ ಎಂದು ಹೊಳಗುಂದದ ಅಜ್ಜಿಗೆ, ‘ಊಪಿರಿ ಬಿಗಪಟ್ಟಂಡಿ’ ಎಂದು ಪಕ್ಕದ ಊರಿನವರಿಗೆ, ‘ಸಾಂಸ್ ರೋಕೋ’ ಎಂದು ಆದೋನಿ ಪೇಟೆಯವರಿಗೆ ತಡವರಿಸದೆ ಹೇಳಬಲ್ಲವರು ಕರ್ನೂಲಿನಲ್ಲೂ ರಾಯಚೂರಿನಲ್ಲೂ ಬೇಕಾದವರೇ. ಸಂದರ್ಶನದಲ್ಲಿ ಮೂರು ಭಾಷೆ ಬರುತ್ತದೆ ಎಂದು ಸಂಕೋಚವಿಲ್ಲದೆ ಹೇಳಿ.

ಕೆಲಸ, ವಿದೇಶ

ಕೋರ್ಸ್ ಮುಗಿದ ಕೂಡಲೇ ಆಯಾ ರಾಜ್ಯದ ಬೋರ್ಡಿನಲ್ಲಿ ನೋಂದಣಿ ಮಾಡಿಸಿ. ಅದಿಲ್ಲದೆ ಸರ್ಕಾರಿ ಅರ್ಜಿ ನಿಲ್ಲುವುದಿಲ್ಲ. ಎಕ್ಸ್‌ರೇ, ಸಿಟಿ ಕೊಠಡಿಯಲ್ಲಿ ಮೈಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೊಡದ ಕಡೆ ದುಡಿಯಬೇಡಿ. ಅಲ್ಟ್ರಾಸೌಂಡ್‌ನಲ್ಲಿ ವಿಕಿರಣ ಇಲ್ಲ, ಅವುಗಳಲ್ಲಿದೆ. ಕೊಲ್ಲಿ ದೇಶಕ್ಕೆ ಹೋಗುವವರಿಗೆ ಅನುಭವ ಪತ್ರ, ದಾಖಲೆ ಪರಿಶೀಲನೆ, ಪರವಾನಗಿ ಪರೀಕ್ಷೆ ಮೂರೂ ಬೇಕು. ಹಾಗಾಗಿ ಮೊದಲ ಕೆಲಸದಿಂದಲೇ ಸಂಬಳದ ಚೀಟಿ, ನೇಮಕಾತಿ ಪತ್ರ ಜೋಪಾನ ಮಾಡಿ. ಹತ್ತನೆಯ ತರಗತಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರಿನ ಇಂಗ್ಲಿಷ್ ಅಕ್ಷರಗಳು ಒಂದೇ ರೀತಿ ಇರಲಿ. ಕನ್ನಡ ಶಾಲೆಯಲ್ಲಿ ಒಂದು ಥರ, ತೆಲುಗು ಕಚೇರಿಯಲ್ಲಿ ಇನ್ನೊಂದು ಥರ ಬರೆಸಿಕೊಂಡವರು ಈಗಲೇ ತಿದ್ದಿಸಿಕೊಳ್ಳಿ.