ಕೋಳಿ ಕೂಗುವ ಹೊತ್ತಿನ ನೀರು

ಮೂವತ್ತು ವರ್ಷ ನಾನು ಕೆರೆನೀರಿನ ಸಸ್ಯಪ್ಲವಕಗಳನ್ನು ಎಣಿಸಿದ್ದೇನೆ. ನೀರಿನಲ್ಲಿ ತೇಲುವ, ಬಹುಪಾಲು ಬರಿಗಣ್ಣಿಗೆ ಕಾಣದ ಪಾಚಿಗಳಿವು. ಮೀನಿನ ಊಟವೂ ಉಸಿರೂ ಇವುಗಳಿಂದಲೇ ಶುರು. ಎಣಿಸುವ ಗಾಜಿನ ಪೆಟ್ಟಿಗೆಗೆ ಸೆಡ್ಜ್‌ವಿಕ್-ರಾಫ್ಟರ್ ಎಂದು ಹೆಸರು. 50 ಮಿ.ಮೀ. ಉದ್ದ, 20 ಮಿ.ಮೀ. ಅಗಲ, 1 ಮಿ.ಮೀ. ಆಳ, ಹಿಡಿಯುವುದು ಒಂದೇ ಒಂದು ಮಿಲಿಲೀಟರ್. ಮಲೆನಾಡಿನ ತಿಳಿನೀರಿನ ಹೊಂಡದಿಂದ ತಂದ ಹನಿಯಲ್ಲಿ ಮೊದಲ ಸಲ ಮೈಕ್ರಾಸ್ಟೀರಿಯಸ್ ಕಂಡಾಗ, ನಕ್ಷತ್ರವನ್ನು ಕತ್ತರಿಸಿ ಹಸಿರು ತುಂಬಿದಂಥ ಆ ಒಂದೇ ಜೀವಕೋಶವನ್ನು ನೋಡುತ್ತಾ ಮಧ್ಯಾಹ್ನದ ಊಟ ಮರೆತಿದ್ದೆ.

ಮೈಸೂರಿನ ಹೊರವಲಯದ ಕೆರೆಯೊಂದರ ಮೇಲೆ ಕೆಲಸ ಶುರುಮಾಡಿದಾಗ ತಪ್ಪುಗಳೂ ಶುರುವಾದವು. ನೀರಿಗೆ ಲುಗಾಲ್ ಅಯೋಡಿನ್ ಹಾಕಿ ರಾತ್ರಿಯಿಡೀ ಬಿಟ್ಟರೆ ಪಾಚಿ ತಳಕ್ಕೆ ಕೂರುತ್ತದೆ; ಮೇಲಿನ ನೀರನ್ನು ಕೊಳವೆಯಲ್ಲಿ ಎಳೆದು ಚೆಲ್ಲಿ, ಉಳಿದದ್ದನ್ನು ಎಣಿಸಬೇಕು. ಹಾಗೇ ಮಾಡಿದೆ. ಕೆರೆ ಹಸಿರು ಬಣ್ಣ ಕಲಸಿದಂತಿದ್ದರೂ ನನ್ನ ಲೆಕ್ಕದಲ್ಲಿ ಮೈಕ್ರೋಸಿಸ್ಟಿಸ್ ವಿರಳವಾಗಿತ್ತು. ಈ ನೀಲಿ-ಹಸಿರು ಪಾಚಿಯ ಜೀವಕೋಶಗಳೊಳಗೆ ಗಾಳಿ ತುಂಬಿದ ಪುಟ್ಟ ಕೋಶಿಕೆಗಳಿರುತ್ತವೆ. ಎಷ್ಟೋ ಗೊಂಚಲುಗಳು ತಳಕ್ಕೆ ಇಳಿಯುವುದೇ ಇಲ್ಲ. ಕೆರೆಯನ್ನು ಆಳುತ್ತಿದ್ದ ಜೀವಿಯನ್ನೇ ನಾನು ತೊಟ್ಟಿಗೆ ಚೆಲ್ಲುತ್ತಿದ್ದೆ. ಅದು ಗೊತ್ತಾದಾಗ ಒಂದು ವರ್ಷದ ಎಣಿಕೆಯನ್ನು ಕೈಬಿಡಬೇಕಾಯಿತು.

ಅದಕ್ಕಿಂತ ದೊಡ್ಡ ತಪ್ಪು ಹೊತ್ತಿನದು. ನಮ್ಮ ಜೀಪು ಕೆರೆ ಏರಿಯ ಮೇಲೆ ನಿಲ್ಲುತ್ತಿದ್ದುದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಆಮ್ಲಜನಕ ಯಾವಾಗಲೂ ಸಮೃದ್ಧ. ವರದಿಯಲ್ಲಿ ಹಾಗೆಂದೇ ಬರೆದೆ. ಒಂದು ಮೇ ತಿಂಗಳು, ನಾಲ್ಕು ದಿನ ಮೋಡ ಕವಿದಿದ್ದಾಗ, ಕೆರೆಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿತು. ಯಾರೋ ವಿಷ ಬೆರೆಸಿದ್ದಾರೆಂದು ಊರೆಲ್ಲ ಮಾತು. ಮೀನಿನ ಗುತ್ತಿಗೆ ಹಿಡಿದಿದ್ದ ಹಿರಿಯರು ಮಾತ್ರ ತಲೆಯಾಡಿಸಿದರು: “ಯಾರೂ ಇಸ ಹಾಕಿಲ್ಲ ಮೇಡಮ್ಮೋರೆ. ನೀವು ಬಿಸ್ಲೇರಿದ್ ಮ್ಯಾಲೆ ಬತ್ತೀರಿ. ಕೋಳಿ ಕೂಗೋ ಹೊತ್ಗೆ ಬಂದು ನೋಡಿ, ಮೀನು ಉಸ್ರಿಗೆ ಬಾಯ್ ಬಿಡ್ತಿರ್ತವೆ.”

ಮುಂದಿನ ವಾರ ನಸುಕಿನಲ್ಲಿ ಅವರ ತೆಪ್ಪ ಹತ್ತಿದೆ. ಅಳಿದುಳಿದ ಮೀನುಗಳು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಆ ಸಣ್ಣ ಸದ್ದು ಕೆರೆಯ ಉದ್ದಕ್ಕೂ ಕೇಳುತ್ತಿತ್ತು. ಶೀಶೆಯಲ್ಲಿ ನೀರು ತುಂಬಿ ವಿಂಕ್ಲರ್ ವಿಧಾನದ ಎರಡು ರಾಸಾಯನಿಕ ಬಿಟ್ಟೆ. ಆಮ್ಲಜನಕ ಇದ್ದರೆ ಕಂದು ಗಸಿ ಕಟ್ಟಬೇಕು. ಕಟ್ಟಿದ್ದು ಸುಣ್ಣದಂಥ ಬಿಳಿ ಗಸಿ. ಟಾರ್ಚ್ ಬೆಳಕಿನಲ್ಲಿ ಆ ಬಿಳುಪು ನೋಡಿದ್ದು ಇಂದಿಗೂ ಕಣ್ಣಲ್ಲಿದೆ.

ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ಹಗಲಿರುಳೂ ಉಸಿರಾಡುತ್ತದೆ. ಇದು ಪ್ರೌಢಶಾಲೆಯ ಪಾಠ. ಅತಿಯಾಗಿ ಬೆಳೆದ ಕೆರೆಯಲ್ಲಿ ರಾತ್ರಿಯ ಖರ್ಚು ಎಷ್ಟೆಂಬುದು ನಸುಕಿಗೆ ಮಾತ್ರ ತಿಳಿಯುತ್ತದೆ. ಮೋಡ ಮುಚ್ಚಿದರೆ ಹಗಲಿನ ಗಳಿಕೆಯೂ ಕುಸಿಯುತ್ತದೆ. ಪಾಠ ನನಗೆ ಗೊತ್ತಿತ್ತು. ಕೆರೆ ಗೊತ್ತಿದ್ದುದು ಆ ಹಿರಿಯರಿಗೆ. ಅಲ್ಲಿಂದಾಚೆ ನನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ನಸುಕಿನ ನೀರು ತಂದ ಮೇಲೆಯೇ ಮಧ್ಯಾಹ್ನದ ನೀರು ತಂದಿದ್ದಾರೆ.

“ಪಾಚಿಗೆ ಏನು ಔಷಧಿ?” ಎಂದು ಈಗಲೂ ಜನ ಕೇಳುತ್ತಾರೆ. ಮೈಲುತುತ್ತ ಹಾಕಿದರೆ ಪಾಚಿ ಸಾಯುತ್ತದೆ, ಕೊಳೆಯುತ್ತಾ ಇದ್ದಬದ್ದ ಆಮ್ಲಜನಕವನ್ನೂ ನುಂಗುತ್ತದೆ. ಜೀವಕೋಶ ಒಡೆದು ಒಳಗಿನ ವಿಷ ನೀರಿಗೆ ಸೇರುತ್ತದೆ. ಬೇರು ಬೇರೆಡೆ ಇದೆ. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ತಂಡ ಸರೋವರವೊಂದನ್ನು ಪರದೆ ಕಟ್ಟಿ ಎರಡು ಮಾಡಿತು. ಎರಡೂ ಕಡೆಗೆ ಇಂಗಾಲ, ಸಾರಜನಕ ಸುರಿದು, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿತು. ಹಸಿರುಗಟ್ಟಿದ್ದು ರಂಜಕ ಬಿದ್ದ ಭಾಗ. ನಮ್ಮ ಕೆರೆಗಳಿಗೆ ಆ ರಂಜಕ ಬರುವುದು ಬಚ್ಚಲು, ಕಕ್ಕಸಿನ ನೀರಿನಿಂದ, ಹೊಲದ ಗೊಬ್ಬರದಿಂದ. ರಾಜಕಾಲುವೆಗೆ ಬಿಟ್ಟ ಕೊಳಚೆಯನ್ನು ತಡೆಯದೆ ಏರಿಯ ಮೇಲೆ ಕಲ್ಲುಬೆಂಚು ಹಾಕುವುದನ್ನು ಕೆರೆ ಅಭಿವೃದ್ಧಿ ಎನ್ನಲು ನಾನು ಒಪ್ಪುವುದಿಲ್ಲ.

ನಿಮ್ಮೂರ ಕೆರೆಗೆ ಒಂದು ದಿನ ಸೂರ್ಯ ಹುಟ್ಟುವ ಮೊದಲು ಹೋಗಿ ನೋಡಿ. ದಡದಲ್ಲಿ ಹಸಿರು ಕೆನೆ ಕಟ್ಟಿದ್ದರೆ ಆ ನೀರನ್ನು ದನಕರುಗಳಿಗೆ ಕುಡಿಸಬೇಡಿ, ಮಕ್ಕಳನ್ನು ಇಳಿಸಬೇಡಿ. ಮೈಕ್ರೋಸಿಸ್ಟಿಸ್‌ನ ವಿಷ ನೀರನ್ನು ಕುದಿಸಿದರೂ ಹೋಗುವುದಿಲ್ಲ.