ದಾರಿಯಲ್ಲಿರುವ ಪಾರ್ಸೆಲ್ ಮತ್ತು ಕೈಯಲ್ಲಿರುವ ಹಣ

ಚನ್ನಪಟ್ಟಣದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆ ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಮಕ್ಕಳ ಆಟಿಕೆಗಳನ್ನು ಮಾಡುತ್ತಾರೆ. ಓದು ಮುಗಿಸಿದ ಮಗಳು ಆ ಆಟಿಕೆಗಳ ಚಿತ್ರ ತೆಗೆದು ಇಂಟರ್‌ನೆಟ್ಟಿನ ಮಾರಾಟ ತಾಣದಲ್ಲಿ ಹಾಕುತ್ತಾಳೆ. ಅಮೆರಿಕದ ಒಬ್ಬ ತಾಯಿ ತನ್ನ ಮಗುವಿನ ಹುಟ್ಟುಹಬ್ಬಕ್ಕೆಂದು ಒಂದು ಮರದ ರೈಲು ಕೊಂಡು, ಹಣವನ್ನೂ ಕಳುಹಿಸಿಬಿಟ್ಟಳು. 2025ರ ಆಗಸ್ಟ್ ತಿಂಗಳ ಮೂರನೆಯ ವಾರದಲ್ಲಿ ಪಾರ್ಸೆಲ್ ಅಂಚೆಗೆ ಬಿತ್ತು. ಸೆಪ್ಟೆಂಬರ್ ಬಂದರೂ ಅದು ತಲುಪಲಿಲ್ಲ. "ನನ್ನ ಹಣ ಹಿಂದಿರುಗಿಸಿ" ಎಂದು ಆಕೆ ಬರೆದಳು.

"ಅಬ್ಬಾ, ನಾವು ಅಂಚೆಗೆ ಹಾಕಿದ್ದೇವೆ, ರಸೀದಿಯೂ ಇದೆ. ತಡವಾದದ್ದಕ್ಕೆ ನಾವೇನು ಮಾಡಲಿಕ್ಕಾಗುತ್ತದೆ?" ಎಂದಳು ಮಗಳು.

"ರೈಲು ಅವರ ಕೈಗೆ ಸೇರಿತೇ ಮಗಳೇ?"

"ಇಲ್ಲ."

"ಹಾಗಾದರೆ ಹಣ ನಮ್ಮದಾದದ್ದು ಹೇಗೆ?"

ಈ ಪ್ರಶ್ನೆಯೇ ನಮ್ಮ ಇಂದಿನ ಪಾಠ. ಅತ್ತರು, ಟೋಪಿ, ಬಿದರಿ ಪಾತ್ರೆ, ಸೀರೆ, ಸಾಂಬಾರ ಪದಾರ್ಥ ಎಂದು ಹಲವು ವಸ್ತುಗಳನ್ನು ನಮ್ಮ ಸಹೋದರ ಸಹೋದರಿಯರು ಮನೆಯಲ್ಲೇ ಕುಳಿತು ಹೊರದೇಶಗಳಿಗೆ ಮಾರುತ್ತಿದ್ದಾರೆ. ಇದು ಹಲಾಲ್ ಸಂಪಾದನೆಯ ಒಳ್ಳೆಯ ಮಾರ್ಗ. ಆದರೆ ಹಣ ಒಂದು ಕ್ಷಣದಲ್ಲಿ ಬರುತ್ತದೆ, ಸರಕು ವಾರಗಟ್ಟಲೆ ದಾರಿಯಲ್ಲಿರುತ್ತದೆ. ಈ ನಡುವಿನ ಕಾಲದಲ್ಲೇ ವಿಶ್ವಾಸಿಯ ಪ್ರಾಮಾಣಿಕತೆಯ ಪರೀಕ್ಷೆ ನಡೆಯುತ್ತದೆ.

ವಿಳಂಬ ಎಲ್ಲಿಂದ ಬರುತ್ತದೆ?

ಮೊದಲು ಸಂಗತಿಯನ್ನು ಸರಿಯಾಗಿ ತಿಳಿಯೋಣ. 800 ಡಾಲರ್‌ವರೆಗಿನ ಬೆಲೆಯ ಪಾರ್ಸೆಲ್‌ಗಳಿಗೆ ಅಮೆರಿಕದಲ್ಲಿ ಆಮದು ಸುಂಕದ ವಿನಾಯಿತಿಯಿತ್ತು. 2025ರ ಜುಲೈ ಕೊನೆಯಲ್ಲಿ ಹೊರಟ ಅಧ್ಯಕ್ಷೀಯ ಆದೇಶದಂತೆ ಆಗಸ್ಟ್ 29ರಿಂದ ಆ ವಿನಾಯಿತಿ ರದ್ದಾಯಿತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದು ಸ್ಪಷ್ಟವಾಗದೆ ವಿಮಾನ ಸಂಸ್ಥೆಗಳು ಅಂಚೆ ಸರಕು ಒಯ್ಯಲು ಹಿಂಜರಿದವು. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಹೋಗುವ ಹೆಚ್ಚಿನ ಪಾರ್ಸೆಲ್‌ಗಳ ಸ್ವೀಕಾರವನ್ನೇ ನಿಲ್ಲಿಸಿತು. ಅಕ್ಟೋಬರ್ 15ರಂದು ಸೇವೆ ಮತ್ತೆ ತೆರೆದಾಗ, ಸುಂಕವನ್ನು ಇಲ್ಲಿ ಕಳುಹಿಸುವಾಗಲೇ ಕಟ್ಟುವ ಏರ್ಪಾಡು ಬಂತು. ಇದಕ್ಕೂ ಮುನ್ನ 2020ರಲ್ಲಿ ಕೊರೋನಾ ಕಾರಣದಿಂದ ಪ್ರಯಾಣಿಕ ವಿಮಾನಗಳು ನಿಂತಾಗ ಜಗತ್ತಿನೆಲ್ಲೆಡೆ ಅಂಚೆ ಚೀಲಗಳು ರಾಶಿ ಬಿದ್ದಿದ್ದವು.

ಇಂತಹ ವಿಳಂಬಗಳಲ್ಲಿ ಮಾರಿದವನ ತಪ್ಪೂ ಇಲ್ಲ, ಕೊಂಡವನ ತಪ್ಪೂ ಇಲ್ಲ. ಆದರೆ "ತಪ್ಪು ನನ್ನದಲ್ಲ" ಎಂಬ ಮಾತು ಬೇರೆ, "ಹಣ ನನ್ನದು" ಎಂಬ ಮಾತು ಬೇರೆ. ಎರಡನ್ನೂ ಒಂದೇ ಎಂದು ಭಾವಿಸುವಲ್ಲಿ ನಾವು ಎಡವುತ್ತೇವೆ.

ದಾರಿಯಲ್ಲಿರುವ ಸರಕು ಯಾರದು?

ಸ್ವಾಧೀನಕ್ಕೆ ಬಾರದ ಧಾನ್ಯವನ್ನು ಮತ್ತೊಬ್ಬನಿಗೆ ಮಾರಬಾರದೆಂದು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ವ್ಯಾಪಾರದಲ್ಲಿ ಮಾತು ಮುಗಿಯುವುದು ಒಂದು ಘಟ್ಟವಾದರೆ, ವಸ್ತು ಕೈಸೇರುವುದು ಇನ್ನೊಂದು ಘಟ್ಟ. ಇದನ್ನು ಫಿಕ್ಹ್‌ನ ಭಾಷೆಯಲ್ಲಿ 'ಕಬ್ದ್' ಎನ್ನುತ್ತಾರೆ. ಗ್ರಾಹಕನ ಸ್ವಾಧೀನಕ್ಕೆ ಬರುವ ಮುನ್ನ ಸರಕು ನಾಶವಾದರೆ ನಷ್ಟ ಮಾರಿದವನದು, ಪಡೆದ ಬೆಲೆಯನ್ನು ಅವನು ಹಿಂದಿರುಗಿಸಬೇಕು ಎಂಬುದು ಹನಫೀ ಮತ್ತು ಶಾಫಿಈ ವಿದ್ವಾಂಸರ ಪ್ರಸಿದ್ಧ ನಿಲುವು. ಗ್ರಾಹಕನು ತಾನಾಗಿಯೇ ಒಬ್ಬ ಸಾಗಣೆಗಾರನನ್ನು ಗೊತ್ತುಮಾಡಿ, ಅವನ ಕೈಗೆ ಕೊಡಿರೆಂದು ಹೇಳಿದ್ದರೆ ಮಾತು ಬೇರೆ. ಆಗ ಆ ಸಾಗಣೆಗಾರನು ಗ್ರಾಹಕನ ಪ್ರತಿನಿಧಿಯಾಗುತ್ತಾನೆ. ಆದರೆ ಅಂಚೆಯನ್ನು ಆರಿಸಿ, ಹಣ ಕಟ್ಟಿ, ರಸೀದಿ ಪಡೆದವರು ನಾವೇ ಆಗಿದ್ದರೆ ಅಂಚೆಯವನು ನಮ್ಮ ಕೈಯ ಮುಂದುವರಿಕೆಯೇ ಹೊರತು ಗ್ರಾಹಕನ ಕೈಯಲ್ಲ.

ಲೌಕಿಕ ನಿಯಮವೂ ಇದನ್ನೇ ಹೇಳುತ್ತದೆ. 1874ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಸ್ಥಾಪನೆಯಾದ, 1876ರಿಂದ ಭಾರತವೂ ಸದಸ್ಯನಾಗಿರುವ ವಿಶ್ವ ಅಂಚೆ ಒಕ್ಕೂಟದ ಒಪ್ಪಂದದ ಪ್ರಕಾರ, ಅಂಚೆಯ ವಸ್ತು ಹಕ್ಕುದಾರನಿಗೆ ತಲುಪುವವರೆಗೆ ಸಾಮಾನ್ಯವಾಗಿ ಕಳುಹಿಸಿದವನ ಸೊತ್ತಾಗಿಯೇ ಇರುತ್ತದೆ. ಅದು ಸಿಗದಿದ್ದಾಗ ವಿಚಾರಣೆಯ ಅರ್ಜಿ ಕೊಡಲು ಆರು ತಿಂಗಳ ಅವಧಿ ಇರುವುದೂ ಆ ಒಪ್ಪಂದದಿಂದಲೇ. ನೆನಪಿಡಿ, ರಸೀದಿ ನಮ್ಮ ಬಳಿ ಇದೆ, ಅಂಚೆ ಕಚೇರಿಗೆ ಹೋಗಿ ಕೇಳಬಲ್ಲವರೂ ನಾವೇ. ದೂರದ ಗ್ರಾಹಕನ ಬಳಿ ಇರುವುದು ನಮ್ಮ ಮಾತೊಂದೇ.

ಮುಸ್ಲಿಮ್ ಗ್ರಂಥದ ಒಂದು ಹದೀಸ್‌ನಲ್ಲಿ, ಹಣ್ಣು ಮಾರಿದ ಬಳಿಕ ಅದಕ್ಕೆ ಪ್ರಕೃತಿಯ ಆಪತ್ತು ತಗಲಿದರೆ ಕೊಂಡ ಸಹೋದರನಿಂದ ಏನನ್ನೂ ಪಡೆಯಬಾರದೆಂದು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಯಾವ ಹಕ್ಕಿನಿಂದ ಅವನ ಸೊತ್ತನ್ನು ಪಡೆಯುತ್ತೀರಿ ಎಂದೂ ಕೇಳಿದ್ದಾರೆ. ಇದರ ವಿವರಗಳಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದ್ದರೂ ಅದರ ಹಿಂದಿನ ಭಾವನೆ ಸ್ಪಷ್ಟ. ಹಣ್ಣಿಗೆ ಆಪತ್ತು ತಂದವನು ಮಾರಿದವನಲ್ಲ. ಆದರೂ ಪ್ರಶ್ನೆ ಕೇಳಿದ್ದು ಅವನನ್ನೇ.

ತಡವಾದದ್ದೆಲ್ಲ ಕಳೆದುಹೋದದ್ದಲ್ಲ

ಹಾಗೆಂದು ಒಂದು ದಿನ ತಡವಾದ ಕೂಡಲೇ ವ್ಯಾಪಾರ ಮುರಿದು ಬೀಳುವುದಿಲ್ಲ. ಪಾರ್ಸೆಲ್ ಕಳೆದುಹೋದರೆ ಅಥವಾ ನಮಗೇ ಹಿಂದಿರುಗಿ ಬಂದರೆ ಸಂದೇಹಕ್ಕೆ ಎಡೆಯಿಲ್ಲ, ವಸ್ತು ಮತ್ತೆ ಕಳುಹಿಸಬೇಕು ಅಥವಾ ಹಣ ಕೊಡಬೇಕು. ಇನ್ನೂ ದಾರಿಯಲ್ಲಿದ್ದರೆ, ನಾವು ಕೊಟ್ಟ ಮಾತು ಏನಾಗಿತ್ತು ಎಂದು ನೋಡಬೇಕು. ಇಂತಿಷ್ಟು ದಿನಗಳೊಳಗೆ ತಲುಪಿಸುತ್ತೇನೆ ಎಂಬ ಷರತ್ತು ಒಪ್ಪಿಕೊಂಡಿದ್ದರೆ ಅದಕ್ಕೆ ಬದ್ಧರಾಗಿರಬೇಕು. ಮುಸ್ಲಿಮರು ತಮ್ಮ ಷರತ್ತುಗಳಿಗೆ ಬದ್ಧರೆಂಬುದು ಹದೀಸ್‌ನ ಬೋಧನೆ. ಗಡುವಿನ ಮಾತೇ ಇಲ್ಲದಿದ್ದರೆ ಪರಸ್ಪರ ಮಾತಾಡಿ ಕಾಲಾವಕಾಶ ಕೇಳಬಹುದು. ಆದರೆ ಅದನ್ನು ಕೇಳಿ ಪಡೆಯಬೇಕು, ಕದ್ದು ಪಡೆಯಬಾರದು.

ಕದ್ದು ಪಡೆಯುವುದೆಂದರೆ ಏನು? ಮಾರಾಟ ತಾಣಗಳಲ್ಲಿ ದೂರು ಕೊಡಲು ಒಂದು ಅವಧಿಯಿರುತ್ತದೆ. ಈಬೇಯಲ್ಲಿ ತಲುಪಬೇಕಾದ ಕೊನೆಯ ದಿನಾಂಕದಿಂದ 30 ದಿನ, ಪೇಪಾಲ್‌ನಲ್ಲಿ ಹಣ ಕಟ್ಟಿದ ದಿನದಿಂದ 180 ದಿನ. "ಇನ್ನೊಂದು ವಾರ ನೋಡಿ", "ಮುಂದಿನ ತಿಂಗಳು ಖಂಡಿತ ಬರುತ್ತದೆ" ಎಂದು ಗ್ರಾಹಕನನ್ನು ಸಮಾಧಾನಪಡಿಸುತ್ತಾ, ಆ ಅವಧಿ ಮುಗಿಯಲಿ ಎಂದು ಒಳಗೊಳಗೇ ದಿನ ಎಣಿಸುವವರಿದ್ದಾರೆ. ಅವಧಿ ಮುಗಿದ ಮರುದಿನದಿಂದ ಅವರ ಉತ್ತರವೇ ಬರುವುದಿಲ್ಲ. ಸಾಮರ್ಥ್ಯವಿದ್ದವನು ಸಾಲ ತೀರಿಸಲು ಸತಾಯಿಸುವುದು ಅಕ್ರಮವೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಕೊಡಬೇಕಾದ ಹಣವನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ಇದಕ್ಕಿಂತ ಭಿನ್ನವಾದೀತೇ?

ತೀರ್ಪು ಗೆದ್ದರೆ ಹಣ ಹಲಾಲ್ ಆಗುವುದೇ?

ವಿವಾದ ಎದ್ದಾಗ ಮಾರಾಟ ತಾಣದವರು ಎರಡೂ ಕಡೆಯ ಕಾಗದ ನೋಡಿ ತೀರ್ಪು ಕೊಡುತ್ತಾರೆ. ಅವರ ಮುಂದಿರುವುದು ಟ್ರ್ಯಾಕಿಂಗ್ ಸಂಖ್ಯೆ, ದಿನಾಂಕ, ಸಂದೇಶಗಳು ಮಾತ್ರ. ಬರೆಯಲು ಬಲ್ಲವನು, ನಿಯಮ ಅರಿತವನು ಅಲ್ಲಿ ಗೆಲ್ಲುವುದು ಸುಲಭ.

ಉಮ್ಮು ಸಲಮಾ(ರ) ವರದಿ ಮಾಡಿದ ಹದೀಸೊಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ತಾವೂ ಒಬ್ಬ ಮನುಷ್ಯರೆಂದೂ, ತಮ್ಮ ಬಳಿಗೆ ವ್ಯಾಜ್ಯ ತರುವವರಲ್ಲಿ ಒಬ್ಬನು ಇನ್ನೊಬ್ಬನಿಗಿಂತ ವಾಕ್ಚಾತುರ್ಯ ಉಳ್ಳವನಾಗಿರಬಹುದೆಂದೂ, ಕೇಳಿದ್ದರ ಆಧಾರದಲ್ಲಿ ಒಬ್ಬನ ಹಕ್ಕನ್ನು ಇನ್ನೊಬ್ಬನಿಗೆ ಕೊಟ್ಟುಬಿಟ್ಟರೆ ಅದು ಅವನ ಪಾಲಿಗೆ ನರಕಾಗ್ನಿಯ ಒಂದು ತುಂಡೆಂದೂ ಪ್ರವಾದಿವರ್ಯರು(ಸ) ಎಚ್ಚರಿಸಿದರು. ಯೋಚಿಸಿ ನೋಡಿ. ಅಲ್ಲಾಹನ ಸಂದೇಶವಾಹಕರ ತೀರ್ಪೇ ಪರರ ಸೊತ್ತನ್ನು ಹಲಾಲ್ ಮಾಡದಿದ್ದರೆ, ದೂರದ ಕಂಪೆನಿಯೊಂದರ ತೀರ್ಪು ಮಾಡೀತೇ?

ಈ ಮಾತು ಕೊಳ್ಳುವವರಿಗೂ ಅನ್ವಯಿಸುತ್ತದೆ. ಪಾರ್ಸೆಲ್ ಬರಲಿಲ್ಲವೆಂದು ದೂರು ಕೊಟ್ಟು ಹಣ ಹಿಂದಕ್ಕೆ ಪಡೆದಿರಿ. ಎರಡು ತಿಂಗಳ ನಂತರ ಅದೇ ಪಾರ್ಸೆಲ್ ಬಾಗಿಲಿಗೆ ಬಂತು. ತಾಣದ ಪುಸ್ತಕದಲ್ಲಿ ವಿವಾದ ಮುಗಿದಿದೆ, ಯಾರೂ ಕೇಳುವವರಿಲ್ಲ. ಈಗ ನಿಮ್ಮ ಕೈಯಲ್ಲಿ ಹಣವೂ ಇದೆ, ವಸ್ತುವೂ ಇದೆ. ಎರಡರಲ್ಲಿ ಒಂದು ನಿಮ್ಮದಲ್ಲ. ಬಂಡೆಯೊಂದು ಬಾಯಿ ಮುಚ್ಚಿದ ಗುಹೆಯಲ್ಲಿ ಸಿಲುಕಿದ ಮೂವರ ಪ್ರಸಂಗ ನಿಮಗೆ ತಿಳಿದಿದೆ. ಅವರಲ್ಲಿ ಒಬ್ಬನು, ಕೂಲಿ ಬಿಟ್ಟು ಹೋದ ಕೆಲಸಗಾರನ ಹಣವನ್ನು ಬೆಳೆಸಿಟ್ಟು, ಅವನು ಮರಳಿ ಬಂದಾಗ ಎಲ್ಲವನ್ನೂ ಒಪ್ಪಿಸಿದವನು. ಬೆಳೆದ ಆ ಸೊತ್ತನ್ನು ಅವನಿಂದ ಯಾರೂ ಕೇಳಿರಲಿಲ್ಲ. ಆ ಪ್ರಾಮಾಣಿಕತೆಯನ್ನು ಮುಂದಿಟ್ಟು ಪ್ರಾರ್ಥಿಸಿದಾಗ ಬಂಡೆ ಸರಿಯಿತು. ಪಾರ್ಸೆಲ್ ಬಂದ ದಿನವೇ ಮಾರಿದವರಿಗೆ ಎರಡು ಸಾಲು ಬರೆಯಿರಿ. ಹಣ ಕಳುಹಿಸಲೇ, ವಸ್ತು ಹಿಂದಿರುಗಿಸಲೇ ಎಂದು ಕೇಳಿರಿ.

ಗ್ರಾಹಕ ನಮ್ಮ ಧರ್ಮದವನಲ್ಲ, ನಮ್ಮ ದೇಶದವನೂ ಅಲ್ಲ ಎಂದು ಯಾರಾದರೂ ಹೇಳಬಹುದು. ಹಿಜ್‌ರಾದ ರಾತ್ರಿಯನ್ನು ನೆನಪಿಸಿಕೊಳ್ಳಿ. ತಮ್ಮನ್ನು ಕೊಲ್ಲಲು ಸಂಚು ಹೂಡಿದ್ದ ಮಕ್ಕಾದ ಜನರ ಅಮಾನತ್‌ಗಳನ್ನು ಹಿಂದಿರುಗಿಸಲೆಂದೇ ಪ್ರವಾದಿವರ್ಯರು(ಸ) ಅಲೀ(ರ)ರನ್ನು ಅಲ್ಲಿ ಬಿಟ್ಟು ಹೋದರು. ಶತ್ರುವಿನ ಸೊತ್ತಿಗೇ ಅಷ್ಟು ಗೌರವವಿದ್ದರೆ, ನಮ್ಮನ್ನು ನಂಬಿ ಹಣ ಮೊದಲೇ ಕೊಟ್ಟ ತಾಯಿಯ ಹಕ್ಕು ಎಷ್ಟಿರಬೇಕು?

ಮಾರುವವರು ಪಾಲಿಸಬೇಕಾದ ಕೆಲವು ವಿಷಯಗಳು

ಮೊದಲನೆಯದು, ಕೊರತೆಯನ್ನು ಮುಚ್ಚಿಡಬೇಡಿ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಪ್ರವಾದಿವರ್ಯರ(ಸ) ಬೆರಳುಗಳಿಗೆ ತೇವ ತಗಲಿತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ಮಳೆ ಸುರಿಸಿದವನು ವ್ಯಾಪಾರಿಯಲ್ಲ, ಆದರೆ ಒದ್ದೆಯನ್ನು ಅಡಿಗೆ ಹಾಕಿದವನು ಅವನೇ. ಅಂಚೆ ನಿಂತಿದೆ, ಸುಂಕ ಬೀಳಬಹುದು, ಆರು ವಾರ ಹಿಡಿಯಬಹುದು ಎಂಬುದು ನಿಮಗೆ ತಿಳಿದಿದ್ದರೆ, ಅದನ್ನು ವಸ್ತುವಿನ ಚಿತ್ರದ ಪಕ್ಕದಲ್ಲೇ ಬರೆಯಿರಿ. ಸುಂಕದ ವಿಷಯ ಮುಚ್ಚಿಟ್ಟು, ಅದನ್ನು ಕಟ್ಟಲೊಪ್ಪದೆ ಗ್ರಾಹಕ ಪಾರ್ಸೆಲ್ ನಿರಾಕರಿಸಿದಾಗ ಅವನನ್ನೇ ದೂರುವುದು ನ್ಯಾಯವಲ್ಲ.

ಎರಡನೆಯದು, ಬರೆದಿಡಿ. ಅವಧಿಯುಳ್ಳ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತದಲ್ಲಿ ವಿವರವಾಗಿ ಕಲಿಸಿದೆ. ಕಳುಹಿಸಿದ ದಿನ, ರಸೀದಿ, ಟ್ರ್ಯಾಕಿಂಗ್ ಸಂಖ್ಯೆ, ತಡವಾದರೆ ಏನು ಮಾಡುವಿರಿ ಎಂಬ ಮಾತು, ಇವೆಲ್ಲ ಮೊದಲೇ ಬರಹದಲ್ಲಿರಲಿ.

ಮೂರನೆಯದು, ತಲುಪದ ಸರಕಿನ ಹಣವನ್ನು ಖರ್ಚು ಮಾಡಲು ಆತುರಪಡಬೇಡಿ. ಅನೇಕರು ಹಣ ಹಿಂದಿರುಗಿಸದಿರುವುದು ದುಷ್ಟತನದಿಂದಲ್ಲ, ಹಣ ಆಗಲೇ ಮುಗಿದಿರುವುದರಿಂದ. ತಲುಪಿದ ಸುದ್ದಿ ಬರುವವರೆಗೆ ಆದಷ್ಟನ್ನು ಬೇರೆಯಾಗಿ ಇಡಿ. ನಿಜವಾಗಿಯೂ ಕೈ ಖಾಲಿಯಾಗಿದ್ದರೆ ಹಾಗೆಂದೇ ತಿಳಿಸಿ, ಕಂತಿನಲ್ಲಿ ಕೊಡಲು ಅನುಮತಿ ಕೇಳಿ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಕುರ್‌ಆನ್ ಹೇಳಿದೆ. ಆದರೆ ಮೌನವಾಗಿರಲು ಅದು ಅನುಮತಿ ಕೊಟ್ಟಿಲ್ಲ.

ನಾಲ್ಕನೆಯದು, ನಿಮ್ಮ ಹಕ್ಕನ್ನು ಕೇಳಬೇಕಾದಲ್ಲಿ ಕೇಳಿ. ಅಂಚೆ ಕಚೇರಿಯಲ್ಲಿ ವಿಚಾರಣೆಯ ಅರ್ಜಿ ಹಾಕಿ. 2025ರಲ್ಲಿ ಕಳುಹಿಸಲಾಗದೆ ಉಳಿದ ಪಾರ್ಸೆಲ್‌ಗಳ ಅಂಚೆ ವೆಚ್ಚವನ್ನು ಹಿಂದಕ್ಕೆ ಪಡೆಯಬಹುದೆಂದು ಇಲಾಖೆಯೇ ಪ್ರಕಟಿಸಿತ್ತು. ಇಲಾಖೆಯಿಂದ ಬರಬೇಕಾದುದನ್ನು ಗ್ರಾಹಕನ ಕಿಸೆಯಿಂದ ತುಂಬಿಸಿಕೊಳ್ಳಬಾರದು. ಗ್ರಾಹಕ ಸುಳ್ಳು ಹೇಳುತ್ತಿದ್ದರೆ, ತಲುಪಿದ ದಾಖಲೆಯನ್ನು ಶಾಂತವಾಗಿ ಮುಂದಿಡಿ. ಮೋಸ ಹೋಗಬೇಕೆಂದು ಇಸ್ಲಾಮ್ ಹೇಳುವುದಿಲ್ಲ.

ಐದನೆಯದು, ಕಾನೂನು ನಿಮ್ಮ ಕಡೆಗಿದ್ದಾಗಲೂ ಉದಾರಿಗಳಾಗಿರಿ. ಪಶ್ಚಾತ್ತಾಪಪಟ್ಟವನ ವ್ಯಾಪಾರವನ್ನು ಸಮ್ಮತಿಯಿಂದ ರದ್ದುಪಡಿಸುವುದಕ್ಕೆ 'ಇಕಾಲಾ' ಎನ್ನುತ್ತಾರೆ. ಹಾಗೆ ಮಾಡಿದವನ ಎಡವಟ್ಟುಗಳನ್ನು ಅಲ್ಲಾಹನು ಮನ್ನಿಸುವನೆಂಬ ಶುಭವಾರ್ತೆ ಹದೀಸ್‌ನಲ್ಲಿದೆ.

ಕೊನೆಯಲ್ಲಿ

ಮತ್ತೆ ಚನ್ನಪಟ್ಟಣದ ಆ ಮನೆಗೆ ಹೋಗೋಣ. ಮಗಳು ಆ ತಾಯಿಗೆ ಹೀಗೆ ಬರೆದಳೆಂದು ಭಾವಿಸಿ: "ಅಂಚೆ ನಿಂತಿದೆ, ಎಂದು ತೆರೆಯುವುದೆಂದು ನಮಗೆ ತಿಳಿದಿಲ್ಲ. ನೀವು ಕಾಯುವುದಾದರೆ ಸಂತೋಷ. ಬೇಡವಾದರೆ ನಿಮ್ಮ ಹಣ ಇಂದೇ ಕಳುಹಿಸುತ್ತೇವೆ." ತಾಯಿ ಹಣ ಕೇಳಿದಳು, ಅದು ಅಂದೇ ಹೋಯಿತು. ಹುಟ್ಟುಹಬ್ಬ ಮುಗಿದಿತ್ತು, ಅಂಚೆ ವೆಚ್ಚಕ್ಕಾಗಿ ಅಬ್ಬಾ ಇನ್ನೂ ಕಚೇರಿಗೆ ಅಲೆಯಬೇಕಿತ್ತು. ಲೆಕ್ಕದ ಪುಸ್ತಕದಲ್ಲಿ ಇದು ನಷ್ಟವೇ.

ಆದರೆ ಆ ರಾತ್ರಿ ಇಶಾ ನಮಾಜಿನ ನಂತರ ದುಆಕ್ಕೆಂದು ಎತ್ತಿದ ಅವರ ಕೈಗಳಲ್ಲಿ ಪರರ ಹಣವಿರಲಿಲ್ಲ. ಓದುಗರೇ, ನಿಮ್ಮ ಮನೆಯಲ್ಲೂ ಇಂತಹ ವ್ಯಾಪಾರವಿದ್ದರೆ ಇಂದು ರಾತ್ರಿ ಒಮ್ಮೆ ಹಳೆಯ ಲೆಕ್ಕ ತೆರೆದು ನೋಡಿ. ಅವಧಿ ಮುಗಿಯಿತೆಂದು ಉತ್ತರಿಸದೆ ಬಿಟ್ಟ ಪತ್ರವೊಂದು ಇದ್ದರೆ, ತಾಣದ ಬಾಗಿಲು ಮುಚ್ಚಿರಬಹುದು, ನಿಮ್ಮ ಬಾಗಿಲು ಇನ್ನೂ ತೆರೆದಿದೆ. ಮಾರುವಾಗಲೂ ಕೊಳ್ಳುವಾಗಲೂ ಹಕ್ಕು ಕೇಳುವಾಗಲೂ ಸೌಮ್ಯವಾಗಿ ವರ್ತಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ, ಆಮೀನ್.