ಬಾಲಿಕೆಯರೂ ಅಜ್ಜಿಯರೂ ಕೂಡಿ ಆಡತಕ್ಕ ಬಯಲು

ಹತ್ತು ವರ್ಷ ತುಂಬಿದ ಬಾಲಿಕೆಯು ಬೀದಿಯ ಆಟದಿಂದ ಮೆಲ್ಲನೆ ಮಾಯವಾಗುವಳೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ಇದು ನಮ್ಮವರ ರೂಢಿಯೊಂದರಿಂದಲೇ ಆದುದೆಂದು ಎಣಿಸಿದ್ದೆವು. ಆದರೆ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದವರು 1996–97ರಲ್ಲಿ ತಮ್ಮ ಉದ್ಯಾನಗಳನ್ನು ಪರಿಶೀಲಿಸಿದಾಗ ಅಲ್ಲಿಯೂ ಇದೇ ಕಂಡುಬಂದಿತು. ಒಂಬತ್ತು ವರ್ಷ ದಾಟಿದ ಹುಡುಗಿಯರ ಸಂಖ್ಯೆಯು ಥಟ್ಟನೆ ಇಳಿದಿತ್ತು, ಹುಡುಗರದು ಹಾಗಿರಲಿಲ್ಲ.

ಕಾರಣವು ಸರಳವಾದುದು. ಒಂದೇ ದೊಡ್ಡ ಬಯಲಿದ್ದಲ್ಲಿ ಚೆಂಡಾಟದ ಹುಡುಗರು ಅದನ್ನೆಲ್ಲ ಆವರಿಸುವರು. ಹುಡುಗಿಯರು ಜಗಳಕ್ಕೆ ನಿಲ್ಲದೆ ಮನೆಗೆ ಹಿಂದಿರುಗುವರು. 1999ರಲ್ಲಿ ಆ ನಗರದವರು ಎರಡು ಉದ್ಯಾನಗಳನ್ನು ಮಾರ್ಪಡಿಸಿದರು. ಕಾಲುದಾರಿಗಳನ್ನು ಹೆಚ್ಚಿಸಿ, ವಾಲಿಬಾಲ್, ಬ್ಯಾಡ್ಮಿಂಟನ್ ಅಂಕಣಗಳನ್ನು ಮಾಡಿ, ದೊಡ್ಡ ಬಯಲನ್ನು ಗಿಡಬಳ್ಳಿಗಳಿಂದ ಸಣ್ಣ ಭಾಗಗಳಾಗಿ ವಿಂಗಡಿಸಿದರು. ಹುಡುಗಿಯರು ಹಿಂದಿರುಗಿ ಬಂದರು. ಹುಡುಗರನ್ನು ಯಾರೂ ಅಟ್ಟಬೇಕಾಗಲಿಲ್ಲ.

ನಮ್ಮ ಹಳ್ಳಿಗಳ ಅರಳೀಕಟ್ಟೆಯು ಇದಕ್ಕಿಂತ ಹಳೆಯದಲ್ಲವೇ ಎಂದು ಪೋಷಕರು ಕೇಳಬಹುದು. ಹೌದು, ಮೇಲೆ ಮುದುಕರು ಹರಟುವರು, ಕೆಳಗೆ ಮಕ್ಕಳು ಗೋಲಿ, ಬುಗುರಿ ಆಡುವರು. ಆದರೆ ಆ ಕಟ್ಟೆಯ ಮೇಲೆ ಹೆಂಗಸರು ಕುಳಿತುದನ್ನು ನಾವು ಕಂಡುದು ಅಪರೂಪ. ಅವರ ಕಟ್ಟೆಯು ಬಾವಿಯ ಬಳಿಯಲ್ಲಿತ್ತು, ಅದೂ ಕೈಯಲ್ಲಿ ಬಿಂದಿಗೆ ಇದ್ದಾಗ ಮಾತ್ರ!

ಆದಕಾರಣ ನಿಮ್ಮ ಬಡಾವಣೆಯ ಉದ್ಯಾನದಲ್ಲಿ ಮೊದಲು ನೋಡತಕ್ಕದ್ದು ಜಾರುಬಂಡೆಯನ್ನಲ್ಲ, ನೆರಳನ್ನೂ ಕೂಡ್ರುವ ಸ್ಥಳವನ್ನೂ. ಹೊಂಗೆ ಅಥವಾ ಬೇವಿನ ನೆರಳಿನಲ್ಲಿ ಬೆನ್ನಿಗೆ ಆಧಾರವುಳ್ಳ ಆಸನವಿದ್ದರೆ ಅಜ್ಜಿಯು ಬರುವಳು. ಅಜ್ಜಿಯು ಬಂದರೆ ತಾಯಿಯು ಮಗಳನ್ನು ಧೈರ್ಯವಾಗಿ ಕಳುಹಿಸುವಳು. ಆಸನದ ಎದುರಿಗೇ ಕುಂಟೆಬಿಲ್ಲೆಗೆ ಸಾಕಾಗುವಷ್ಟು ಸಮನೆಲವಿರಲಿ. ಚೌಕಾಬಾರದ ಮನೆಯನ್ನು ಕಲ್ಲಿನ ಮೇಲೆಯೇ ಕೊರೆಯಿಸಬಹುದು. ಚೆಂಡಾಟವು ಗಿಡಗಳ ಆಚೆ ನಡೆಯಲಿ. ಉದ್ಯಾನ, ಆಟದ ಬಯಲು, ತೆರೆದ ಸ್ಥಳಗಳ ರಕ್ಷಣೆಗೆ ನಮ್ಮ ರಾಜ್ಯದಲ್ಲಿ 1985ರ ಶಾಸನವಿದೆ. ನಿಮ್ಮಲ್ಲಿ ಉದ್ಯಾನಕ್ಕೆಂದು ಬಿಟ್ಟ ನೆಲವೆಷ್ಟೆಂದು ನಗರಸಭೆಯಲ್ಲಿ ವಿಚಾರಿಸಿರಿ. ಕಟ್ಟಡವೆದ್ದ ಮೇಲೆ ಕೇಳಿ ಫಲವಿಲ್ಲ.

ಕಳೆದ ಪೋಷಕರ ದಿನದಂದು, ಮೊಮ್ಮಗಳಿಗಾಗಿ ಕಾದು ಕುಳಿತಿದ್ದ ವೃದ್ಧೆಯೊಬ್ಬರು ನಮ್ಮ ಅಂಗಳದಲ್ಲಿ ಎದ್ದುನಿಂತು, “ಬಿಲ್ಲೆಯನ್ನು ಹಾಗೆ ಎಸೆಯಬಾರದಮ್ಮಾ” ಎಂದು ಹಂಚಿನ ಚೂರನ್ನು ತಾವೇ ತೆಗೆದುಕೊಂಡರು. ಒಂಬತ್ತನೆಯ ತರಗತಿಯವರೆಲ್ಲ ಸುತ್ತ ನೆರೆದರು. ಗಂಟೆ ಬಾರಿಸುವುದನ್ನು ಆ ದಿನ ನಾವು ಸ್ವಲ್ಪ ತಡಮಾಡಿದೆವು.